ಐಡಿ ಪ್ರೈಮರಿ ಕೀ ಆಗಿದ್ದರೂ ಒಂದೇ ಇಮೇಲ್ ಎರಡೆರಡು ಸಲ ಸೇರುತ್ತಿದೆ

ಪ್ರಶ್ನೆ:
ಪೋಸ್ಟ್‌ಗ್ರೆಸ್ 14 ಡೇಟಾಬೇಸ್ ಬಳಸುತ್ತಿದ್ದೇನೆ. ಗ್ರಾಹಕರ ಟೇಬಲ್‌ನಲ್ಲಿ ತಾನಾಗಿ ಏರುವ ಐಡಿಯೇ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಮ್). ಇನ್ಸರ್ಟ್‌ಗೆ ಮೊದಲು ಇಮೇಲ್ ಇದೆಯೇ ಎಂದು ಸೆಲೆಕ್ಟ್ ಮಾಡಿ ನೋಡಿಯೇ ಸೇರಿಸುತ್ತೇನೆ. ಆದರೂ ಡೂಪ್ಲಿಕೇಟ್ ಬರುತ್ತಿದೆ. ಐಡಿ ತೆಗೆದು ಇಮೇಲನ್ನೇ ಪ್ರೈಮರಿ ಕೀ ಮಾಡಲೇ?

ಉತ್ತರ 1:
ಬೇಡ, ಐಡಿ ಇರಲಿ. ಇಮೇಲ್ ಇವತ್ತಲ್ಲ ನಾಳೆ ಬದಲಾಗುತ್ತದೆ, ಆಗ ಆರ್ಡರ್, ವಿಳಾಸ ಟೇಬಲ್‌ಗಳಲ್ಲಿ ಗ್ರಾಹಕರ ಸಾಲನ್ನು ಸೂಚಿಸುವ ಫಾರಿನ್ ಕೀಗಳನ್ನೂ ಬದಲಿಸಬೇಕಾಗುತ್ತದೆ. ಆದರೆ ಐಡಿ ಗುರುತಿಸುವುದು ಸಾಲನ್ನು, ಗ್ರಾಹಕರನ್ನಲ್ಲ. 41 ಬೇರೆ, 42 ಬೇರೆ. ಎರಡರಲ್ಲೂ ಒಂದೇ ಇಮೇಲ್ ಇದ್ದರೆ ಪ್ರೈಮರಿ ಕೀಗೆ ತಕರಾರಿಲ್ಲ. ಇಮೇಲ್ ಕಾಲಮ್‌ಗೆ ಪ್ರತ್ಯೇಕವಾಗಿ ನಾಟ್ ನಲ್ (ಖಾಲಿ, ಅಂದರೆ ನಲ್, ಬಿಡುವಂತಿಲ್ಲ) ಮತ್ತು ಯೂನಿಕ್ (ಒಂದೇ ಮೌಲ್ಯ ಎರಡು ಸಲ ಬರುವಂತಿಲ್ಲ) ಎಂಬ ನಿಯಮ (ಕನ್‌ಸ್ಟ್ರೇಂಟ್) ಹಾಕಿ.

ಸೆಲೆಕ್ಟ್ ಮಾಡಿ ನೋಡುವುದು ಸಾಲದು. ಸೇವ್ ಬಟನ್ ಎರಡು ಸಲ ಒತ್ತಿದರೆ ಎರಡು ರಿಕ್ವೆಸ್ಟ್ ಒಟ್ಟಿಗೆ ಬರುತ್ತವೆ, ಎರಡಕ್ಕೂ ಇಮೇಲ್ ಇಲ್ಲ ಎಂಬ ಉತ್ತರವೇ ಸಿಗುತ್ತದೆ, ಎರಡೂ ಇನ್ಸರ್ಟ್ ಮಾಡುತ್ತವೆ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಆದ ರೀಡ್ ಕಮಿಟೆಡ್ ಮಟ್ಟದಲ್ಲಿ ಟ್ರಾನ್ಸಾಕ್ಷನ್ (ಹಲವು ಹೆಜ್ಜೆಗಳನ್ನು ಒಂದಾಗಿ ಮುಗಿಸುವ ಗುಂಪು) ಹಾಕಿದರೂ ಇದು ತಪ್ಪುವುದಿಲ್ಲ. ಯೂನಿಕ್ ಹಾಕಿದ ಮೇಲೆ ಇನ್ಸರ್ಟ್ ಜೊತೆ ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್ (ಇಮೇಲ್ ಮೊದಲೇ ಇದ್ದರೆ ಎರರ್ ಕೊಡದೆ ಬಿಟ್ಟುಬಿಡು) ಬರೆಯಿರಿ.

ಉತ್ತರ 2:
ಬರೀ ಯೂನಿಕ್ ಹಾಕಿದರೆ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಅಥವಾ ಕೊನೆಯಲ್ಲಿ ಉಳಿದ ಒಂದು ಸ್ಪೇಸ್ ಸಾಕು, ಅದೇ ಇಮೇಲ್ ಮತ್ತೆ ನುಸುಳುತ್ತದೆ. ಟ್ರಿಮ್ ಮಾಡಿ (ಸ್ಪೇಸ್ ತೆಗೆದು) ಲೋವರ್ ಮಾಡಿದ (ಚಿಕ್ಕಕ್ಷರಕ್ಕೆ ತಂದ) ರೂಪದ ಮೇಲೆ ಯೂನಿಕ್ ಇಂಡೆಕ್ಸ್ ಮಾಡಿ. ಯೂನಿಕ್ ಕನ್‌ಸ್ಟ್ರೇಂಟ್‌ನಲ್ಲಿ ಫಂಕ್ಷನ್ ಬರೆಯಲು ಬರುವುದಿಲ್ಲ, ಇಂಡೆಕ್ಸೇ ಬೇಕು. ಆನ್ ಕಾನ್‌ಫ್ಲಿಕ್ಟ್‌ನಲ್ಲೂ ಅದೇ ಎಕ್ಸ್‌ಪ್ರೆಶನ್ (ಟ್ರಿಮ್, ಲೋವರ್ ಮಾಡಿದ ರೂಪ) ಕೊಡಿ. ಇಮೇಲ್ ಎಂದಷ್ಟೇ ಬರೆದರೆ ಹೊಂದುವ ಕನ್‌ಸ್ಟ್ರೇಂಟ್ ಇಲ್ಲವೆಂದು ಎರರ್ ಬರುತ್ತದೆ.

ನಾಟ್ ನಲ್ ಮರೆಯಬೇಡಿ. ಒಂದು ನಲ್ ಇನ್ನೊಂದಕ್ಕೆ ಸಮವಲ್ಲ, ಹಾಗಾಗಿ ಯೂನಿಕ್ ಇದ್ದರೂ ಎಷ್ಟು ನಲ್ ಬೇಕಾದರೂ ಸೇರುತ್ತವೆ. ನಲ್‌ಗಳನ್ನೂ ಒಂದೇ ಎಂದು ಎಣಿಸುವ ನಲ್ಸ್ ನಾಟ್ ಡಿಸ್ಟಿಂಕ್ಟ್ ಸೌಲಭ್ಯ ಬಂದದ್ದು ಪೋಸ್ಟ್‌ಗ್ರೆಸ್ 15ರಲ್ಲಿ.

ಉತ್ತರ 3:
ಈಗಿರುವ ಡೂಪ್ಲಿಕೇಟ್ ತೆಗೆಯದೆ ಇಂಡೆಕ್ಸ್ ಆಗುವುದಿಲ್ಲ. ಅದೇ ಎಕ್ಸ್‌ಪ್ರೆಶನ್ ಮೇಲೆ ಗ್ರೂಪ್ ಬೈ ಮಾಡಿ, ಹ್ಯಾವಿಂಗ್ ಕೌಂಟ್ 1ಕ್ಕಿಂತ ಹೆಚ್ಚಿರುವವನ್ನು ಹುಡುಕಿ. ಪ್ರತಿ ಗುಂಪಿನಲ್ಲಿ ಅತಿ ಚಿಕ್ಕ ಐಡಿ ಉಳಿಸಿ, ಉಳಿದ ಐಡಿಗಳಿಗೆ ಅಂಟಿದ ಆರ್ಡರ್‌ಗಳನ್ನು ಮೊದಲು ಅದಕ್ಕೆ ಅಪ್‌ಡೇಟ್ ಮಾಡಿ, ಆಮೇಲೆ ಡಿಲೀಟ್. ಫಾರಿನ್ ಕೀಯಲ್ಲಿ ಆನ್ ಡಿಲೀಟ್ ಕ್ಯಾಸ್ಕೇಡ್ ಇದ್ದು ಈ ಕ್ರಮ ತಪ್ಪಿದರೆ ಆರ್ಡರ್‌ಗಳೂ ಅಳಿಸಿಹೋಗುತ್ತವೆ, ದಯವಿಟ್ಟು ಬ್ಯಾಕಪ್ ಇಟ್ಟುಕೊಂಡೇ ಶುರುಮಾಡಿ. ಟೇಬಲ್ ಲಾಕ್ ಮಾಡಿ, ಇಂಡೆಕ್ಸ್ ಸೇರಿದಂತೆ ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮುಗಿಸಿ, ಇಲ್ಲವಾದರೆ ನಡುವೆ ಹೊಸ ಡೂಪ್ಲಿಕೇಟ್ ಬರುತ್ತದೆ.

ಪ್ರಶ್ನೆ ಕೇಳಿದವರು:
ಇಂಡೆಕ್ಸ್ ಆಯಿತು. ಆದರೆ ಇಮೇಲ್ ಮೊದಲೇ ಇದ್ದಾಗ ಸೇರಿದ ಸಾಲಿನ ಐಡಿ ಮರಳಿ ಕೊಡಬೇಕಾದ ರಿಟರ್ನಿಂಗ್ ಐಡಿ ಖಾಲಿ ಬರುತ್ತಿದೆ.

ಉತ್ತರ 1:
ಅದು ಸರಿಯಾಗಿಯೇ ಇದೆ. ಡೂ ನಥಿಂಗ್ ಆದಾಗ ಸಾಲು ಸೇರಿಲ್ಲ, ಕೊಡಲು ಐಡಿಯೂ ಇಲ್ಲ. ಖಾಲಿ ಬಂದರೆ ಅದೇ ಎಕ್ಸ್‌ಪ್ರೆಶನ್‌ನಿಂದ ಸೆಲೆಕ್ಟ್ ಮಾಡಿ ಹಳೆಯ ಐಡಿ ತೆಗೆದುಕೊಳ್ಳಿ.