ಬಿಸಿ ಆ್ಯಪಲ್ ಸೈಡರ್ ಲೋಳೆ ಆಗ್ತಿದೆ, ಜೊತೆಗೆ ಕಹಿ. ಗೊತ್ತಿರೋರು ಹೇಳಿ

ಮಿಚಿಗನ್_ಚಳಿ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೀತಿದ್ದೀನಿ. ಸ್ಲೋ ಕುಕ್ಕರ್‌ನಲ್ಲಿ ಮಸಾಲೆ ಹಾಕಿ ಬಿಸಿ ಸೈಡರ್, ಅದೇ ಸೇಬಿನ ರಸದ ಪಾನೀಯ, ಮಾಡಿದೆ. ಬಣ್ಣ ಚೆನ್ನಾಗಿದೆ, ಮನೆಯೆಲ್ಲಾ ಘಮ ಅಂತಿದೆ. ಲೋಟಕ್ಕೆ ಸುರಿದ್ರೆ ಮಾತ್ರ ಲೋಳೆ. ಸೌಟು ಎತ್ತಿದ್ರೆ ತುದಿಯಿಂದ ಎಳೆ ಎಳೆಯಾಗಿ ಇಳಿಯುತ್ತೆ, ಬೆಂಡೆಕಾಯಿ ಹೆಚ್ಚಿದ ಚಾಕುವಿಗೆ ಅಂಟಿರುತ್ತಲ್ಲ, ಅದೇ ಥರ. ಕುಡಿದ ಮೇಲೆ ಗಂಟಲಲ್ಲಿ ಕಹಿ ಉಳಿಯುತ್ತೆ. ಜಾಲರಿಯಲ್ಲಿ ಸೋಸಿದೆ, ಬಟ್ಟೆಯಲ್ಲಿ ಸೋಸಿದೆ. ಕಾಫಿ ಫಿಲ್ಟರ್ ಪೇಪರ್ ಇಟ್ರೆ ಪೇಪರ್ ಕಟ್ಟಿಕೊಂಡು ಒಂದು ಹನಿ ಕೆಳಗಿಳೀಲಿಲ್ಲ.

ಮುಂದಿನ ಶನಿವಾರ ನಮ್ಮ ಸಂಘದ ರಾಜ್ಯೋತ್ಸವ. 60 ಜನಕ್ಕೆ ಬಿಸಿ ಸೈಡರ್ ತರೋದು ನನ್ನ ಪಾಲಿಗೆ ಬಂದಿದೆ. ಹಾಕಿದ್ದೆಲ್ಲಾ ಮಾಮೂಲಿ: ಸೇಬು, ಚಕ್ಕೆ, ಲವಂಗ, ಕಿತ್ತಳೆ, ಬ್ರೌನ್ ಶುಗರ್. ಏನು ಎಡವಟ್ಟಾಗ್ತಿದೆ?

ಬ್ರಿಕ್ಸ್_ಭಟ್ಟ
ಪೆಕ್ಟಿನ್. ನೂರಕ್ಕೆ ನೂರು ಪೆಕ್ಟಿನ್, ಜ್ಯಾಮ್ ಗಟ್ಟಿಯಾಗಿಸೋ ಅಂಟು. ಸೇಬಿನಲ್ಲಿ ಅದು ತುಂಬಿಕೊಂಡಿರುತ್ತೆ, ಬಿಸಿಗೆ ಹೊರಗೆ ಬರುತ್ತೆ. ಮನೆಯಲ್ಲಿ ವೈನ್ ಮಾಡೋ ಸಾಮಾನು ಮಾರೋ ಅಂಗಡಿಯಲ್ಲಿ ಅದನ್ನ ಒಡೆಯೋ ಪೆಕ್ಟಿಕ್ ಎನ್‌ಜೈಮ್ ಸಿಗುತ್ತೆ. ರಸ ಉಗುರುಬೆಚ್ಚಗಿರೋವಾಗ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಕಾಯಿಸಿ. ಕುದಿಯೋ ರಸಕ್ಕೆ ಹಾಕಬೇಡಿ, ಎನ್‌ಜೈಮ್ ಸತ್ತುಹೋಗುತ್ತೆ. ಅಂದ ಹಾಗೆ, ಯಾವ ಮಿಲ್‌ನ ಸೈಡರ್? ಜಗ್ ಮೇಲೆ ಪಾಶ್ಚರೈಸ್ಡ್ (ಕಾಯಿಸಿ ಕ್ರಿಮಿ ಕೊಂದದ್ದು) ಅಂತಿದೆಯಾ, ಯು.ವಿ. (ಬೆಳಕಿನಿಂದ ಕೊಂದದ್ದು) ಅಂತಿದೆಯಾ?

ಮಿಚಿಗನ್_ಚಳಿ
ಜಗ್ ಇಲ್ಲ ಸರ್. ತೋಟಕ್ಕೆ ಹೋಗಿ ನಾವೇ ಕಿತ್ತು ತಂದ ಸೇಬು. ಅರ್ಧ ಬುಶೆಲ್ (ಒಂಬತ್ತೂವರೆ ಕೆ.ಜಿ. ಹತ್ತಿರ), ಮ್ಯಾಕಿಂಟಾಷ್ ಜಾತಿ ಜಾಸ್ತಿ, ಸ್ವಲ್ಪ ಹನಿಕ್ರಿಸ್ಪ್. ನಾಲ್ಕು ಹೋಳು ಮಾಡಿ, ಮುಳುಗುವಷ್ಟು ನೀರು ಹಾಕಿ, ಕುಕ್ಕರ್‌ ಹೈ ಶಾಖದಲ್ಲಿ 4 ಗಂಟೆ, ಆಮೇಲೆ ಮಸೆದು ಸೋಸೋದು.

ಹಿತ್ತಲ_ಗಾಣ
ಓ, ಅದು ಇಲ್ಲಿನವರು ಸೈಡರ್ ಅಂತ ಕರೆಯೋದಲ್ಲ ಅಕ್ಕ. ಸೇಬಿನ ಸಾರು ಅದು. ಸೈಡರ್ ಅಂದ್ರೆ ಹಸಿ ಸೇಬನ್ನ ತುರಿದು, ಬಟ್ಟೆಯಲ್ಲಿ ಸುತ್ತಿ, ಒತ್ತಿ ತೆಗೆದ ರಸ, ನೀರು ಸೋಕಬಾರದು. ನಾನು ಗ್ಯಾರೇಜಿನಲ್ಲಿ ಪ್ರೆಸ್ ಕಟ್ಟಿದ್ದೀನಿ. ಓಕ್ ಚೌಕಟ್ಟು, 12 ಟನ್ನಿನ ಬಾಟಲ್ ಜ್ಯಾಕ್, ತುರಿಯೋಕೆ ಸಿಂಕಿನ ಕೆಳಗೆ ಹಾಕ್ತಾರಲ್ಲ ಗಾರ್ಬೇಜ್ ಡಿಸ್ಪೋಸರ್, ಅದರ ಹೊಸ ಪೀಸು. ಒಂದು ಬುಶೆಲ್‌ಗೆ, ಅಂದ್ರೆ ಸುಮಾರು 19 ಕೆ.ಜಿ. ಸೇಬಿಗೆ, 3 ಗ್ಯಾಲನ್ ಹತ್ತಿರ ಇಳಿಯುತ್ತೆ. ಪದರ ಪದರವಾಗಿ ಇಟ್ಟು ಜ್ಯಾಕ್ ಏರಿಸ್ತಿದ್ರೆ ಕಂದು ಬಣ್ಣದ ರಸ ನಾಲ್ಕೂ ಕಡೆಯಿಂದ ಬಕೆಟ್ಟಿಗೆ ಇಳಿಯೋದು ನೋಡಬೇಕು. ಒಂದ್ಸಲ ಕುಡಿದವರು ಅಂಗಡಿ ಜ್ಯೂಸ್ ಮುಟ್ಟಲ್ಲ.

ಧಾರವಾಡ_ಫಳಾರ
ಡಿಸ್ಪೋಸರ್ ಎಷ್ಟು ಹಾರ್ಸ್‌ಪವರ್‌ದ್ರಿ ಅಣ್ಣಾರ? ನಂದು ಅರ್ಧ ಎಚ್.ಪಿ. ಇತ್ತು, ನಾಕು ಬಕೆಟ್ ತುರಿಯೂದರಾಗ ಬಿಸಿ ಆಗಿ ನಿಂತು ಬಿಡ್ತು.

ಹಿತ್ತಲ_ಗಾಣ
ಮುಕ್ಕಾಲು. ಒಳಗೆ ಸ್ಟೇನ್‌ಲೆಸ್ ಇರಲೇಬೇಕು. ಬಕೆಟ್ ಬಕೆಟ್ ಮಧ್ಯೆ ಆರಲು ಬಿಡಿ. ಫೋಟೋ ನಾಳೆ ಹಾಕ್ತೀನಿ.

ಬ್ರಿಕ್ಸ್_ಭಟ್ಟ
ಪ್ರೆಸ್ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಪಾಪ ಆಯಮ್ಮನಿಗೆ ಶನಿವಾರ ಕಾರ್ಯಕ್ರಮ ಇದೆ. ಹೋಳು ಬೇಯಿಸಿದ್ದು ಅಂದ್ಮೇಲೆ ನನ್ನ ಮಾತು ಇನ್ನೂ ಗಟ್ಟಿಯಾಯ್ತು. ಸಿಪ್ಪೆ, ತಿರುಳು, ಬೀಜದ ಗೂಡು, ಪೆಕ್ಟಿನ್ ಇರೋದೇ ಅಲ್ಲಿ, ಅದನ್ನೇ 4 ಗಂಟೆ ಬೇಯಿಸಿದ್ದೀರಿ. ಪರೀಕ್ಷೆ ಮಾಡಿ: ಒಂದು ಟೀ ಚಮಚ ಆರಿದ ರಸಕ್ಕೆ ಒಂದು ಟೇಬಲ್ ಚಮಚ ರಬ್ಬಿಂಗ್ ಆಲ್ಕೋಹಾಲ್ ಹಾಕಿ ಅಲ್ಲಾಡಿಸದೆ ಬಿಡಿ. ಗಟ್ಟಿ ಗಂಟು ಕಟ್ಟಿದ್ರೆ ಪೆಕ್ಟಿನ್. ಆಮೇಲೆ ಅದನ್ನ ಚೆಲ್ಲಿ, ಬಾಯಿಗೆ ಹಾಕೋದು ಬೇಡ, ವಿಷ ಅದು.

ಮಿಚಿಗನ್_ಚಳಿ
ಮಾಡಿದೆ. ಗಂಟು ಕಟ್ತು, ಫೋರ್ಕಿನಲ್ಲಿ ಎತ್ತೋ ಹಾಗೆ.

ಬ್ರಿಕ್ಸ್_ಭಟ್ಟ
ಹೇಳಿದ್ನಲ್ಲ. ಎನ್‌ಜೈಮ್ ತಗೊಳ್ಳಿ, ವಿಷಯ ಮುಗೀತು.

ಕುಡ್ಲ_ಅಡುಗೆ
ಭಟ್ರೇ, ಮುಗೀಲಿಲ್ಲ ಮಾರಾಯ್ರೆ. ಆ ಪರೀಕ್ಷೆ ಸೇಬಲ್ಲಿ ಪೆಕ್ಟಿನ್ ಉಂಟು ಅಂತ ಹೇಳ್ತದೆ ಅಷ್ಟೆ. ಅದು ಯಾವ ಸೇಬಲ್ಲಿ ಇಲ್ಲ? ಲೋಳೆ ಅದರಿಂದಲೇ ಬಂತು ಅಂತ ಹೇಗೆ ಹೇಳ್ತೀರಿ? ನಾನು ಜೆಲ್ಲಿ ಮಾಡುವವಳು. ಪೆಕ್ಟಿನ್ ಕಟ್ಟಬೇಕಾದ್ರೆ ಹುಳಿ ಬೇಕು, ಸಕ್ಕರೆ 65 ಶೇಕಡ ಹತ್ರ ಬರಬೇಕು. ಸೇಬಿನ ರಸದ ಬ್ರಿಕ್ಸ್, ಅಂದ್ರೆ ಸಕ್ಕರೆಯ ಶೇಕಡ, 11ರಿಂದ 13, ಇವರು ನೀರು ಬೇರೆ ಹಾಕಿದ್ದಾರೆ. ಬ್ರೌನ್ ಶುಗರ್ ಕಪ್ಪುಗಟ್ಲೆ ಸುರಿದ್ರೂ 65 ಮುಟ್ಟಲಿಕ್ಕಿಲ್ಲ. ವರ್ಮಾಂಟಿನವರು ಸೈಡರನ್ನ ಕುದಿಸಿ ಕುದಿಸಿ ಏಳೆಂಟರಲ್ಲಿ ಒಂದು ಪಾಲಿಗೆ ಇಳಿಸಿ ಪಾಕ ಮಾಡ್ತಾರೆ, ಅಷ್ಟು ಬತ್ತಿಸಿದ್ರೆ ಮಾತ್ರ ನಿಮ್ಮ ಮಾತು ಸರಿ. ಮುಚ್ಚಳ ಹಾಕಿದ ಸ್ಲೋ ಕುಕ್ಕರಲ್ಲಿ ಬತ್ತುವುದೆಲ್ಲಿ?

ಬ್ರಿಕ್ಸ್_ಭಟ್ಟ
ಕಟ್ಟೋದು ಬೇರೆ, ಮಂದ ಆಗೋದು ಬೇರೆ. ಜೆಲ್ಲಿ ಆಗದಿದ್ರೂ ಮಂದ ಆಗುತ್ತೆ.

ಕುಡ್ಲ_ಅಡುಗೆ
ಮಂದ ಆಗ್ಲಿ, ಒಪ್ಪಿದೆ. ಎಳೆ ಎಳೆ ಇಳಿಯುವುದು ಮಂದ ಅಲ್ಲ. ಮ್ಯಾಕಿಂಟಾಷ್ ಬೇಯಿಸಿದ್ರೆ ಕರಗಿ ಗೊಜ್ಜಾಗ್ತದೆ, ನಾಲಗೆಗೆ ತರಿತರಿ ಸಿಗ್ತದೆ. ಲೋಳೆ ಬೇರೆ ಕಥೆ.

ಹುಳಿಹಿಟ್ಟು
ರಸ ಹಳೇದಾ? ಬ್ಯಾಕ್ಟೀರಿಯಾದಿಂದ ಸೈಡರ್ ಹಗ್ಗದ ಹಾಗೆ ಎಳೆ ಬಿಡೋದು ಉಂಟು, ವೈನ್ ಮಾಡೋರಿಗೆ ಗೊತ್ತಿರುತ್ತೆ. ಪಾಶ್ಚರೈಸ್ ಮಾಡದ ರಸದಲ್ಲಿ ಮಕ್ಕಳಿಗೆ ಅಪಾಯ. 1996ರಲ್ಲಿ ಹಸಿ ಸೇಬಿನ ರಸ ಕುಡಿದು ಇ. ಕೋಲಿಯಿಂದ ಮಗುವೊಂದು ತೀರಿಕೊಂಡ ಮೇಲೆ 1998ರಿಂದ ಅಮೆರಿಕದಲ್ಲಿ ಅಂಥ ಜಗ್‌ಗಳ ಮೇಲೆ ಎಚ್ಚರಿಕೆ ಬರಹ ಕಡ್ಡಾಯ. 71 ಡಿಗ್ರಿ ಸೆಲ್ಸಿಯಸ್ ಮುಟ್ಟಿಸದೆ ಯಾರಿಗೂ ಕೊಡಬೇಡಿ.

ಮಿಚಿಗನ್_ಚಳಿ
ಹಳೇದಲ್ಲ, ಸೇಬು ತಂದ ಮಾರನೇ ದಿನವೇ ಮಾಡಿದ್ದು. ಹೋಳು ಹಾಕಿ 4 ಗಂಟೆ ಬೇಯಿಸಿದ್ದು, 71 ದಾಟಿರುತ್ತೆ. ಮಾಡಿದ ತಕ್ಷಣ ಲೋಟದಲ್ಲೇ ಲೋಳೆ.

ಹುಳಿಹಿಟ್ಟು
ಹಾಗಾದ್ರೆ ನನ್ನ ಅನುಮಾನ ಬಿಡಿ. ಅಷ್ಟು ಬೇಗ ಬ್ಯಾಕ್ಟೀರಿಯಾ ಆ ಕೆಲಸ ಮಾಡಲ್ಲ.

ಧಾರವಾಡ_ಫಳಾರ
ಅಕ್ಕಾರ, ಚಕ್ಕಿ ಯಾವದು ಹಾಕೀರಿ? ಸಿಲೋನ್ ಚಕ್ಕಿ ಹಾಕ್ರಿ. ತೆಳ್ಳಗ, ಹಾಳಿ ಹಾಳಿ ಸುತ್ತಿದಂಗ ಇರ್ತದ. ನೀವು ಹಾಕಿದ್ದು ದಪ್ಪ ತೊಗಟಿ ಕ್ಯಾಸಿಯಾ ಇರಬೇಕು. ಅದರಾಗ ಕೂಮರಿನ್ ಅನ್ನೂ ಅಂಶ ಜಾಸ್ತಿ, ಲಿವರ್‌ಗೆ ಛಲೋ ಅಲ್ಲ. ಯುರೋಪಿನವರು ದಿನಕ್ಕ ಒಂದು ಕೆ.ಜಿ. ಮೈತೂಕಕ್ಕ 0.1 ಮಿಲಿಗ್ರಾಂ ಅಂತ ಮಿತಿ ಹಾಕ್ಯಾರ.

ಹಿತ್ತಲ_ಗಾಣ
ಬಿಸಿ ಸೈಡರ್‌ಗೆ ಸಿಲೋನ್ ಸಪ್ಪೆ. ಅಮೆರಿಕದ ಸೈಡರ್ ರುಚಿ ಅಂತ ನಾಲಗೆಗೆ ಕೂತಿರೋದೇ ಕ್ಯಾಸಿಯಾ. ವಿಯೆಟ್ನಾಂನದು ಹಾಕಿ ನೋಡಿ, ಖಾರ ಬರುತ್ತೆ. ವರ್ಷಕ್ಕೊಂದು ಹಬ್ಬದಲ್ಲಿ ಒಂದು ಲೋಟ ಕುಡಿಯೋರಿಗೆ ಕೂಮರಿನ್ ಲೆಕ್ಕ ಯಾಕೆ?

ಧಾರವಾಡ_ಫಳಾರ
ಮಕ್ಕಳು ಕುಡೀತಾವ, ಲೆಕ್ಕ ಬೇಕ್ರಿ. ಅವರ ಮೈತೂಕ ಎಷ್ಟ್ ಇರ್ತದ?

ಹಿತ್ತಲ_ಗಾಣ
ಅದು ದಿನಾ ತಿನ್ನೋರ ಮಿತಿ ಕಣ್ರೀ, ಜೀವಮಾನ ಪೂರ್ತಿ. ಒಂದು ಸಂಜೆಗಲ್ಲ.

ಕುಡ್ಲ_ಅಡುಗೆ
ನಿಲ್ಲಿ ಇಬ್ರೂ. ಯಾವ ದೇಶದ್ದು ಅಂತ ಆಮೇಲೆ ಜಗಳ ಮಾಡಿ. ಮಿಚಿಗನ್ ಅಕ್ಕ, ಚಕ್ಕೆ ಹಾಕಿದ್ದು ಕಡ್ಡಿಯಾ, ಪುಡಿಯಾ?

ಮಿಚಿಗನ್_ಚಳಿ
ಪುಡಿ. ಮನೆಯಲ್ಲಿ ದೊಡ್ಡ ಡಬ್ಬ ಇತ್ತು. 4 ಟೇಬಲ್ ಚಮಚ. ಅದರಲ್ಲೇನಿದೆ, ಎರಡೂ ಒಂದೇ ಅಲ್ವಾ?

ಕುಡ್ಲ_ಅಡುಗೆ
ಅಲ್ಲೇ ಉಂಟು ನಿಮ್ಮ ಲೋಳೆ. ಚಕ್ಕೆ ಮರದ ತೊಗಟೆ ಅಲ್ವಾ, ಅದರೊಳಗೆ ಅಂಟು ಉಂಟು, ಕ್ಯಾಸಿಯಾದಲ್ಲಿ ಜಾಸ್ತಿ. ಕಡ್ಡಿ ಹಾಗೇ ಹಾಕಿದ್ರೆ ಅಂಟು ಒಳಗೇ ಇರ್ತದೆ, ಎಣ್ಣೆ ಪರಿಮಳ ಮಾತ್ರ ರಸಕ್ಕೆ ಇಳೀತದೆ. ಪುಡಿ ಮಾಡಿ ಬಿಸಿ ನೀರಿಗೆ ಹಾಕಿದ್ರೆ ಒಂದೊಂದು ಕಣವೂ ನೀರು ಹೀರಿ ಉಬ್ಬಿ ಅಂಟು ಬಿಡ್ತದೆ. ಬಟ್ಟೆಯಲ್ಲಿ ಎಷ್ಟು ಸೋಸಿದ್ರೂ ಹೋಗಲಿಕ್ಕಿಲ್ಲ, ಅದು ರಸದಲ್ಲೇ ಬೆರೆತಾಗಿದೆ. ನಿಮ್ಮ ಫಿಲ್ಟರ್ ಪೇಪರ್ ಕಟ್ಟಿಕೊಂಡದ್ದೂ ಅದಕ್ಕೇ.

ನಂಬಬೇಡಿ, ಮಾಡಿ ನೋಡಿ. ಎರಡು ಲೋಟದಲ್ಲಿ ಕುದಿಯುವ ನೀರು, ಬರೀ ನೀರು, ಸೇಬು ಬೇಡ. ಒಂದಕ್ಕೆ ಅರ್ಧ ಟೀ ಚಮಚ ಪುಡಿ, ಇನ್ನೊಂದಕ್ಕೆ ಒಂದು ಕಡ್ಡಿ. 20 ನಿಮಿಷ ಮುಚ್ಚಿಡಿ, ಆಮೇಲೆ ಚಮಚದಿಂದ ತಳ ಕೆದಕಿ ಎತ್ತಿ ನೋಡಿ. ಭಟ್ರೇ, ನೀವೂ ಮಾಡಿ.

ಬ್ರಿಕ್ಸ್_ಭಟ್ಟ
ಪುಡಿಯಿಂದ ತಳದಲ್ಲಿ ಕೆಸರು ಕೂರುತ್ತೆ ಅಂತ ಗೊತ್ತು. ಕೆಸರು ಬೇರೆ, ಇವರು ಹೇಳ್ತಿರೋ ಎಳೆ ಬೇರೆ. ಪೆಕ್ಟಿನ್ ಪರೀಕ್ಷೆಯಲ್ಲಿ ಗಂಟು ಕಟ್ಟಿದ್ದನ್ನ ಮರೀಬೇಡಿ.

ಮಿಚಿಗನ್_ಚಳಿ
ಮಾಡಿದೆ. ಕಡ್ಡಿಯ ಲೋಟ ತಿಳಿಯಾಗಿದೆ, ಚಹಾ ಬಣ್ಣ. ಪುಡಿಯ ಲೋಟದಲ್ಲಿ ಮೇಲೆ ಕಂದು ನೀರು, ತಳದಲ್ಲಿ ಅರ್ಧ ಬೆರಳು ದಪ್ಪ ಜೆಲ್ಲಿ ಥರ ಕೂತಿದೆ. ಚಮಚ ಎತ್ತಿದ್ರೆ ಅದೇ ಎಳೆ. ಸೇಬೇ ಇಲ್ಲ ಅದರಲ್ಲಿ!

ಅಂದ್ರೆ ಲೋಳೆ ಇದೇನೇ. ಕಹಿ? ಅದಕ್ಕೂ ಪುಡಿಯೇ ಕಾರಣವಾ?

ಕುಡ್ಲ_ಅಡುಗೆ
ಕಹಿಗೆ ಎರಡು ಪ್ರಶ್ನೆ. ಕುಡಿದ ಮೇಲೆ ನಾಲಗೆ ತುದಿ ಜೋಮು ಹಿಡಿದ ಹಾಗೆ ಆಗ್ತದಾ? ಕಿತ್ತಳೆ ಸಿಪ್ಪೆ ಸಮೇತ ಹಾಕಿದ್ರಾ?

ಮಿಚಿಗನ್_ಚಳಿ
ಜೋಮು ಹೌದು, ಖಾರ ಅಂದ್ಕೊಂಡಿದ್ದೆ. ಲವಂಗ ಒಂದು ಹಿಡಿ. ಕಿತ್ತಳೆ ಸಿಪ್ಪೆ ಸಮೇತ, ಬಿಲ್ಲೆ ಬಿಲ್ಲೆ ಕತ್ತರಿಸಿ, ಮೊದಲಿಂದಲೇ. ಬೆಂದ ಮೇಲೆ ರಾತ್ರಿಯಿಡೀ ವಾರ್ಮ್‌ನಲ್ಲಿತ್ತು, ಮಸಾಲೆ ಎಲ್ಲಾ ಒಳಗೇ.

ಕುಡ್ಲ_ಅಡುಗೆ
ಹಾಗಾದ್ರೆ ಎರಡೂ ಸೇರಿದೆ. ಹಲ್ಲುನೋವಿಗೆ ಲವಂಗದ ಎಣ್ಣೆ ಇಡ್ತಾರಲ್ಲ, ಅದೇ ಯುಜಿನಾಲ್ ನಿಮ್ಮ ನಾಲಗೆಗೆ ಜೋಮು ಹಿಡಿಸಿದ್ದು. ವಾರ್ಮ್‌ನಲ್ಲಿ ಇಟ್ಟರೂ ಲವಂಗ ರಸ ಬಿಡ್ತಾ ಇರ್ತದೆ, ಮೊದಲು ಪರಿಮಳ, ಆಮೇಲೆ ಕಹಿ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರ ಹೊತ್ತು ಹೋದ ಹಾಗೆ ಕಹಿ ಕೊಡ್ತದೆ. ಮೇಲಿನ ಹಳದಿ ಪದರ ಮಾತ್ರ ಸಿಪ್ಪೆ ಹೆರೆಯುವುದರಲ್ಲಿ ತೆಳ್ಳಗೆ ತೆಗೀರಿ. ರಸ ಹಿಂಡುವುದಿದ್ರೆ ಒಲೆ ಆರಿಸಿದ ಮೇಲೆ.

ಶನಿವಾರಕ್ಕೆ ಸೇಬು ಬೇಯಿಸಬೇಡಿ. ತಲೆಗೆ 180 ಎಂ.ಎಲ್. ಅಂದ್ರೆ 60 ಜನಕ್ಕೆ 11 ಲೀಟರ್ ಹತ್ರ, 3 ಗ್ಯಾಲನ್. ಎರಡನೇ ಸಲ ಕೇಳುವವರಿಗೆ ಇನ್ನೊಂದು ಗ್ಯಾಲನ್ ಇರಲಿ. ಪಾಶ್ಚರೈಸ್ ಆದ, ಸೋಸದ ಸೈಡರ್ ತನ್ನಿ. ಒಂದು ಗ್ಯಾಲನ್‌ಗೆ ಚಕ್ಕೆ ಕಡ್ಡಿ 4, ಲವಂಗ 8, ಚಕ್ರಮೊಗ್ಗು 1, ಹೆಬ್ಬೆರಳಿನಷ್ಟು ಹಸಿಶುಂಠಿ ಜಜ್ಜಿ. ಎಲ್ಲಾ ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ದಾರ ಪಾತ್ರೆಯ ಹೊರಗೆ ಬಿಡಿ. ಕುದಿ ಬರಿಸಬೇಡಿ, ಅಂಚಲ್ಲಿ ಸಣ್ಣ ಗುಳ್ಳೆ ಕಂಡ್ರೆ ಸಾಕು. ಅರ್ಧ ಗಂಟೆಗೆ ರುಚಿ ನೋಡಿ, ಸಾಕು ಅನಿಸಿದ್ರೆ ಗಂಟು ಎತ್ತಿ ಬಿಡಿ. ಸಕ್ಕರೆ ಕೊನೆಗೆ, ಬೇಕಾದ್ರೆ ಮಾತ್ರ. ನಾನು ಹಾಕುವುದೇ ಇಲ್ಲ.

ಧಾರವಾಡ_ಫಳಾರ
ಒಂದು ಚಿಟಿಕಿ ಉಪ್ಪು, ಎರಡು ಕಾಳುಮೆಣಸು ಸೇರಸ್ರಿ. ನಮ್ಮ ಮನ್ಯಾಗ ಇಲ್ಲಾಂದ್ರ ಕುಡ್ಯಂಗಿಲ್ಲ.

ಬ್ರಿಕ್ಸ್_ಭಟ್ಟ
ಪುಡಿ ಪರೀಕ್ಷೆ ನಾನೂ ಮಾಡಿದೆ, ತಳದಲ್ಲಿ ಕೂತಿದ್ದು ಲೋಳೆಯೇ. ಆದ್ರೂ ಇವರ ಹಳೇ ರಸದಲ್ಲಿ ಪೆಕ್ಟಿನ್ ಪಾಲೂ ಇದೆ ಅಂತಲೇ ನನ್ನ ಅಭಿಪ್ರಾಯ. ತಿಳಿಯಾದ ಸೈಡರ್ ಬೇಕು ಅನ್ನೋರು ಎನ್‌ಜೈಮ್ ಹಾಕಿ, ನಷ್ಟವಿಲ್ಲ.

ಹಿತ್ತಲ_ಗಾಣ
ತಿಳಿಯಾದ್ರೆ ಅದು ಜ್ಯೂಸ್ ಭಟ್ರೇ. ಮಂಜು ಮಂಜಾಗಿರಬೇಕು, ಬಾಯಲ್ಲಿ ತೂಕ ಇರೋದೇ ಅದರಿಂದ. ಪ್ರೆಸ್ ಫೋಟೋ ಬೇರೆ ಚರ್ಚೆಯಲ್ಲಿ ಹಾಕಿದ್ದೀನಿ, ಜ್ಯಾಕ್ ಕೂರಿಸಿದ ರೀತಿ ನೋಡಿ.

ಮಿಚಿಗನ್_ಚಳಿ
ಕುಡ್ಲ ಅಕ್ಕ, ತುಂಬಾ ಉಪಕಾರ ಆಯ್ತು. ಒಂದು ಗ್ಯಾಲನ್ ನೀವು ಹೇಳಿದ ಹಾಗೆ ಮಾಡಿ ನೋಡಿದೆ. ಲೋಳೆ ಇಲ್ಲ, ಜೋಮು ಇಲ್ಲ, ಮನೆಯವರು ಮತ್ತೆ ಬೇಕು ಅಂದ್ರು. ಲವಂಗ 35 ನಿಮಿಷಕ್ಕೆ ತೆಗೆದೆ.

ಈಗ ಇನ್ನೊಂದು ಪ್ರಶ್ನೆ. ಹಾಲ್‌ನಲ್ಲಿ ಒಲೆ ಇಲ್ಲ. ದೊಡ್ಡ ಕಾಫಿ ಅರ್ನ್ (ಕರೆಂಟಿನ ಪಾತ್ರೆ) ಇದೆ, ಒಳಗೆ ಕೊಳವೆ, ಮೇಲೆ ಪುಡಿ ಹಾಕೋ ಬುಟ್ಟಿ. ಬುಟ್ಟಿಯಲ್ಲಿ ಮಸಾಲೆ ಹಾಕಿ ಅದರಲ್ಲೇ ಸೈಡರ್ ಮಾಡಬಹುದು ಅಂತ ಪಕ್ಕದ ಮನೆಯವರು ಹೇಳಿದ್ರು, ಅವರ ಚರ್ಚ್‌ನಲ್ಲಿ ಹಾಗೇ ಮಾಡ್ತಾರಂತೆ. ಮಾಡಬಹುದಾ?

ಹುಳಿಹಿಟ್ಟು
ಮಾಡ್ತಾರೆ, ಇಲ್ಲಿ ಹಳೇ ಪದ್ಧತಿ ಅದು. ಆದ್ರೆ ಸೋಸದ ಸೈಡರ್‌ನ ಗಸಿ ತಳಕ್ಕೆ ಕೂತು ಸೀದುಹೋಗಬಹುದು. ಕಾಫಿ ವಾಸನೆಯೂ ಬಿಡಲ್ಲ, ಮೊದಲು ವಿನೆಗರ್ ನೀರು ಕಾಯಿಸಿ ತೊಳೀಬೇಕು.

ಧಾರವಾಡ_ಫಳಾರ
ಮನ್ಯಾಗ ಕಾಯಿಸಿ, ಅರ್ನ್‌ನ್ಯಾಗ ಬರೇ ಬೆಚ್ಚಗ ಇಡ್ರಿ. ಬುಟ್ಟಿ, ಕೊಳವಿ ತೆಗದು ಬಿಡ್ರಿ.

ಹಿತ್ತಲ_ಗಾಣ
ಕೊಳವೆ ತೆಗೆದ್ರೆ ಕೆಲವು ಅರ್ನ್‌ಗಳಲ್ಲಿ ತಳದ ಶಾಖ ಒಂದೇ ಕಡೆ ನಿಂತು ಇನ್ನೂ ಬೇಗ ಸೀಯುತ್ತೆ. ಯಾವ ಮಾದರಿ ಅಂತ ನೋಡದೆ ಹೇಳೋಕಾಗಲ್ಲ. ಮುಚ್ಚಳ ತೆಗೆದು ಒಳಗಿನ ತಳದ್ದೊಂದು ಫೋಟೋ ಹಾಕಿ ಅಕ್ಕ, ಎಲಿಮೆಂಟ್ ಎಲ್ಲಿದೆ ಅಂತ ನೋಡಿ ಹೇಳ್ತೀನಿ.