ಎಚ್‌ಡಿ ಸಿನಿಮಾದಲ್ಲಿ ಕಪ್ಪು ಬೂದಿ ಬಳಿದ ಹಾಗೆ ಕಾಣುತ್ತಿದೆ, ಯಾವ ಸೆಟ್ಟಿಂಗ್ ನೋಡಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 55 ಇಂಚಿನ 4ಕೆ ಟಿವಿಗೆ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿ ಸಿನಿಮಾ ನೋಡುತ್ತೇನೆ. ಫೈಲ್‌ಗಳೆಲ್ಲ 1080ಪಿ, ಅಂದರೆ ಫುಲ್ ಎಚ್‌ಡಿ. ಆದರೂ ರಾತ್ರಿ ದೃಶ್ಯ ಬಂದರೆ ಕಪ್ಪು ಕಪ್ಪಾಗಿರುವುದಿಲ್ಲ, ಮೇಲೆ ಬೂದಿ ಉದುರಿಸಿದ ಹಾಗೆ ಇರುತ್ತದೆ. ಮುಖಗಳು ಮೇಣದ ಬೊಂಬೆ ಥರ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಚಿತ್ರ ಒಮ್ಮೆ ಟಿವಿ ಧಾರಾವಾಹಿ ಥರ ನುಣ್ಣಗೆ ಜಾರುತ್ತದೆ, ಒಮ್ಮೆ ತಡವರಿಸುತ್ತದೆ. ಬ್ರೈಟ್‌ನೆಸ್ ಇಳಿಸಿ ಕಾಂಟ್ರಾಸ್ಟ್ ಏರಿಸಿದೆ, ಈಗ ಕತ್ತಲಲ್ಲಿ ನಿಂತವರ ಬಟ್ಟೆಯ ಮಡಿಕೆಯೂ ಕಾಣುತ್ತಿಲ್ಲ. ಹೊಸ ಕೇಬಲ್ ತರಬೇಕಾ?

ಉತ್ತರ:
ಕೇಬಲ್ ತರಬೇಡಿ. ಎಚ್‌ಡಿಎಂಐಯಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟಿದ್ದರೆ ಮಿಣಿಮಿಣಿ ಚುಕ್ಕಿ ಬರುತ್ತವೆ, ಇಲ್ಲವೇ ಚಿತ್ರ ಹೋಗಿ ಹೋಗಿ ಬರುತ್ತದೆ. ಕಪ್ಪು ಬೂದಿಯಾಗುವುದಿಲ್ಲ.

ಮೊದಲು ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಟಿವಿ ಬಂದಾಗ ಇದ್ದ ಹಾಗೆ ಮಾಡಿ. ಆಮೇಲೆ ಅದೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲೇ ನೇರವಾಗಿ ನೋಡಿ. ಲ್ಯಾಪ್‌ಟಾಪ್‌ಗೆ ಪೂರ್ತಿ ಕಪ್ಪು ವಾಲ್‌ಪೇಪರ್ ಹಾಕಿ, ಕೋಣೆಯ ದೀಪ ಆರಿಸಿ ಅದನ್ನೂ ನೋಡಿ. ಎರಡೂ ಹೇಗೆ ಕಾಣುತ್ತವೆ ಹೇಳಿ.

ಪ್ರಶ್ನೆ ಕೇಳಿದವರು:
ಪೆನ್‌ಡ್ರೈವ್‌ನಲ್ಲಿ ಕಪ್ಪು ಚೆನ್ನಾಗಿದೆ. ಲ್ಯಾಪ್‌ಟಾಪ್‌ನಿಂದ ಬಂದರೆ ವಾಲ್‌ಪೇಪರ್ ಕೂಡ ಬೂದಿ ಬಣ್ಣ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಆರ್ (ಹೆಚ್ಚು ಹೊಳಪಿನ ಚಿತ್ರದ ಮೋಡ್) ಆಫ್ ಇದೆ.

ಉತ್ತರ:
ಹಾಗಾದರೆ ಟಿವಿ, ಫೈಲ್ ಎರಡೂ ಸರಿ ಇವೆ. ಲ್ಯಾಪ್‌ಟಾಪ್ ಒಂದು ಲೆಕ್ಕದಲ್ಲಿ ಕಳಿಸುತ್ತಿದೆ, ಟಿವಿ ಇನ್ನೊಂದು ಲೆಕ್ಕದಲ್ಲಿ ಓದುತ್ತಿದೆ. ಸಿನಿಮಾ ವಿಡಿಯೋದ ಲೆಕ್ಕದಲ್ಲಿ (ಬೆಳಕಿನ ಮಟ್ಟವನ್ನು 0ಯಿಂದ 255ರೊಳಗಿನ ಸಂಖ್ಯೆಯಲ್ಲಿ ಹೇಳುವ 8 ಬಿಟ್ ಅಂತ ಇಟ್ಟುಕೊಳ್ಳಿ) ಕಪ್ಪು ಅಂದರೆ 16, ಬಿಳಿ ಅಂದರೆ 235. ಇದು ಲಿಮಿಟೆಡ್ ರೇಂಜ್. ಕಂಪ್ಯೂಟರ್ ಲೆಕ್ಕ 0ಯಿಂದ 255, ಅದು ಫುಲ್ ರೇಂಜ್. ನಿಮ್ಮ ಲ್ಯಾಪ್‌ಟಾಪ್ ಟಿವಿ ಕಂಡ ತಕ್ಷಣ ಲಿಮಿಟೆಡ್‌ಗೆ ಹೋಗಿ 16 ಕಳಿಸುತ್ತಿದೆ, ಟಿವಿ ಮಾತ್ರ 0 ಬಂದರೇನೇ ಕಪ್ಪು ಅಂತ ಕಾದು ಕೂತಿದೆ, ಹಾಗಾಗಿ 16 ಅದಕ್ಕೆ ಬೂದಿಯೇ. ಇದೇ ಉಲ್ಟಾ ಆದರೆ ಕತ್ತಲಿನ ವಿವರವೆಲ್ಲ ನುಂಗಿ ಹೋಗುತ್ತದೆ.

ಬ್ರೈಟ್‌ನೆಸ್ ಇಳಿಸಿ ಇದನ್ನು ಸರಿಮಾಡಲು ಆಗುವುದಿಲ್ಲ. ಕಪ್ಪು ಕೆಳಗೆ ಇಳಿದರೂ ಬಿಳಿ 235ರಲ್ಲೇ ಮಂಕಾಗಿ ಉಳಿಯುತ್ತದೆ.

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ರೇಂಜ್ ಹುಡುಕಿ ಫುಲ್ ಮಾಡಿ. ಟಿವಿಯಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಂತ ಇರುತ್ತದೆ, ಅದೂ ಫುಲ್ ಇರಲಿ. ಕೆಲವು ಟಿವಿಗಳಲ್ಲಿ ಅದರ ಹೆಸರು ನಾರ್ಮಲ್ ಅಥವಾ ಹೈ. ಎರಡನ್ನೂ ಲಿಮಿಟೆಡ್ ಇಟ್ಟರೂ ನಡೆಯುತ್ತದೆ, ಒಂದಕ್ಕೊಂದು ಹೊಂದಬೇಕು ಅಷ್ಟೇ. ಆಟೋ ಮಾತ್ರ ನಂಬಬೇಡಿ, ಈ ತೊಂದರೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿ.

ಇನ್ನೊಬ್ಬರ ಉತ್ತರ:
ಮೇಣದ ಮುಖದ ಬಗ್ಗೆ ನಾನು ಹೇಳುತ್ತೇನೆ. ಟಿವಿ ವಿವಿಡ್ ಮೋಡ್‌ನಲ್ಲಿದೆ ಅಲ್ವಾ? ಸಿನಿಮಾ ಅಥವಾ ಮೂವಿ ಮೋಡ್‌ಗೆ ಬನ್ನಿ. 2019ರ ನಂತರ ಬಂದ ಹಲವು ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತಲೇ ಇದೆ, ಇದ್ದರೆ ಅದೇ ಒಳ್ಳೆಯದು. ಮೊದಲ ದಿನ ಬಿಳಿ ಹಳದಿಯಾಯಿತು ಅನ್ನಿಸುತ್ತದೆ, ಎರಡು ಸಿನಿಮಾ ಮುಗಿಯುವಷ್ಟರಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಅದು ಫಿಲ್ಮಿನ ಸಣ್ಣ ಕಣಗಳನ್ನು ಕೊಳೆ ಅಂದುಕೊಂಡು ಒರೆಸುತ್ತದೆ, ಜೊತೆಗೆ ಚರ್ಮದ ರಂಧ್ರ, ಗಡ್ಡದ ಕೂದಲು ಎಲ್ಲಾ ಹೋಗುತ್ತವೆ. ನನಗೆ ಟಿವಿಗಳ ಮೇಲೆ ನಿಜವಾಗಿ ಸಿಟ್ಟು ಬರುವುದು ಇದಕ್ಕೇ.

ಚಲನೆಗೆ ಬೇರೆಯೇ ಕಾರಣ ಇದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಲ್ಯಾಪ್‌ಟಾಪ್ 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಕಳಿಸಿದಾಗ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ, ತಡವರಿಕೆ ಅದರದು. ಟಿವಿ ಅದನ್ನು ಮುಚ್ಚಲು ನಡುವೆ ತಾನೇ ಹೊಸ ಫ್ರೇಮ್ ಸೇರಿಸುತ್ತದೆ, ಧಾರಾವಾಹಿ ಥರ ಕಾಣುವುದು ಆಗ. ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಲ್ಯಾಪ್‌ಟಾಪ್ ರಿಫ್ರೆಶ್ ರೇಟ್ (ಸೆಕೆಂಡಿಗೆ ಚಿತ್ರ ಬದಲಾಗುವ ಲೆಕ್ಕ) 24ಕ್ಕೆ ತನ್ನಿ. ಪಟ್ಟಿಯಲ್ಲಿ 23 ಅಂತ ಕಂಡರೆ ಅದನ್ನೇ ಆರಿಸಿ. ಅದರ ನಿಜವಾದ ಲೆಕ್ಕ 23.976, ಹೆಚ್ಚಿನ ಬ್ಲೂ-ರೇ ಸಿನಿಮಾಗಳ ವೇಗವೂ ಅದೇ.

ಶಾರ್ಪ್‌ನೆಸ್ ಸೊನ್ನೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಸುಮ್ನೆ ಮಾಡಬೇಡಿ. ಕೆಲವು ಟಿವಿಗಳಲ್ಲಿ ಸೊನ್ನೆ ಅಂದರೆ ಮಸುಕು. ತೆರೆಯ ಮೇಲೆ ಸಣ್ಣ ಅಕ್ಷರ ಇಟ್ಟುಕೊಂಡು, ಅಂಚಿನ ಸುತ್ತ ಬಿಳಿ ಗೆರೆ ಮಾಯವಾಗುವವರೆಗೆ ಮಾತ್ರ ಇಳಿಸಿ.

ಪ್ರಶ್ನೆ ಕೇಳಿದವರು:
ಎರಡೂ ಕಡೆ ಫುಲ್ ಮಾಡಿದೆ, ಕಪ್ಪು ಕಪ್ಪಾಯಿತು! ಮುಖದಲ್ಲಿ ಬೆವರಿನ ಹನಿಯೂ ಕಾಣುತ್ತಿದೆ. ತುಂಬಾ ಧನ್ಯವಾದ. ಒಂದು ಸಿನಿಮಾದಲ್ಲಿ ಮಾತ್ರ ಸಂಜೆಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಬರುತ್ತಿದೆ. ಎರಡು ಗಂಟೆ ಸಿನಿಮಾ, ಫೈಲ್ ಸುಮಾರು 4.5 ಜಿಬಿ.

ಉತ್ತರ:
ಲೆಕ್ಕ ಹಾಕಿದರೆ ಸೆಕೆಂಡಿಗೆ 5 ಮೆಗಾಬಿಟ್ ಆಗುತ್ತದೆ, ಅದೂ ಧ್ವನಿ ಸೇರಿ. ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರಕ್ಕೇ 40 ಮೆಗಾಬಿಟ್‌ವರೆಗೆ ಜಾಗ ಇದೆ. ಎರಡೂ 1080ಪಿಯೇ, ಆದರೆ ಇಷ್ಟು ಹಿಂಡಿದಾಗ ಆಕಾಶ, ಹೊಗೆ, ಮಂಜಿನಂಥ ಮೆಲ್ಲಗೆ ಬದಲಾಗುವ ಬಣ್ಣಗಳೇ ಮೊದಲು ಒಡೆಯುತ್ತವೆ. ಸೆಟ್ಟಿಂಗ್ ಬದಲಿಸಿ ಇದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ. ಇಷ್ಟವಾದ ಸಿನಿಮಾ ಆದರೆ ಡಿಸ್ಕ್ ಕೊಳ್ಳಿ.

ಪ್ರಶ್ನೆ ಕೇಳಿದವರು:
ಸರಿ. 24ಕ್ಕೆ ಹಾಕಿದ ಮೇಲೆ ಮೌಸ್ ಎಳೆದೆಳೆದು ಓಡುತ್ತಿದೆ, ಏನೂ ತೊಂದರೆ ಇಲ್ಲವೇ?

ಉತ್ತರ:
ಇಲ್ಲ. ತೆರೆ ಈಗ ಸೆಕೆಂಡಿಗೆ 24 ಸಲವಷ್ಟೇ ಬದಲಾಗುತ್ತಿದೆ. ನಿಮ್ಮ ಪ್ಲೇಯರ್‌ನಲ್ಲಿ ರಿಫ್ರೆಶ್ ರೇಟ್ ತಾನಾಗಿ ಬದಲಿಸುವ ಆಯ್ಕೆ ಇದೆಯಾ ನೋಡಿ, ಇದ್ದರೆ ಸಿನಿಮಾ ಮುಗಿದ ಕೂಡಲೇ 60ಕ್ಕೆ ವಾಪಸ್ ಬರುತ್ತದೆ.