ಸಹಾಯ ಬೇಕು: ‘ಡಿಡ್ಯಾಕ್ಟಿಕ್’ ಅಂದ್ರೆ ಹೊಗಳಿಕೆಯೋ, ತೆಗಳಿಕೆಯೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ತರಗತಿಗೆ ಒಂದು ಇಂಗ್ಲಿಷ್ ಕಥೆ ಬರೆದಿದ್ದೆ. ಮಂಡಕ್ಕಿ ಭಟ್ಟಿಯ ಹುಡುಗನೊಬ್ಬ ಸೇರಿನ ತಳಕ್ಕೆ ರಟ್ಟು ಹಾಕಿ ಅಳತೆಯಲ್ಲಿ ಮೋಸ ಮಾಡುತ್ತಾನೆ, ಕೊನೆಗೆ ಅವನ ಅಮ್ಮನೇ ಅದನ್ನು ಕಂಡುಹಿಡಿಯುತ್ತಾಳೆ. ಮುಗಿಸುವಾಗ ‘ಮೋಸದ ದುಡ್ಡು ನಿಲ್ಲುವುದಿಲ್ಲ’ ಅಂತ ನಾಲ್ಕು ಸಾಲು ಸೇರಿಸಿದ್ದೆ. ಮೇಡಂ ಆ ಸಾಲುಗಳ ಪಕ್ಕ ಕೆಂಪು ಪೆನ್ನಿನಲ್ಲಿ ‘ಟೂ ಡಿಡ್ಯಾಕ್ಟಿಕ್’ (too didactic) ಅಂತ ಬರೆದಿದ್ದಾರೆ.

ನಿಘಂಟು ನೋಡಿದೆ. ‘ನೀತಿಬೋಧಕ’ ಅಂತಿದೆ. ನಮ್ಮಲ್ಲಿ ಅದು ಒಳ್ಳೆಯ ಮಾತು ಅಲ್ವಾ? ಗ್ರೀಕ್ ಮೂಲದಲ್ಲೂ ‘ಕಲಿಸುವುದಕ್ಕೆ ತಕ್ಕದ್ದು’ ಅಂತಲೇ ಅರ್ಥ. ಸಾಹಿತ್ಯ ಚರಿತ್ರೆಯಲ್ಲಿ ‘ಡಿಡ್ಯಾಕ್ಟಿಕ್ ಪೊಯಟ್ರಿ’ ಅಂತ ಒಂದು ಪ್ರಕಾರವೇ ಇದೆ, ಅಲ್ಲಿ ಬೈಗುಳದ ಸುಳಿವೂ ಇಲ್ಲ. ಮೆಡಿಕಲ್ ಓದುವ ನಮ್ಮಕ್ಕನನ್ನು ಕೇಳಿದರೆ, ‘ನಮಗೆ ದಿನಾ ಡಿಡ್ಯಾಕ್ಟಿಕ್ ಲೆಕ್ಚರ್ ಇರುತ್ತೆ ಕಣೋ, ವಾರ್ಡಿನಲ್ಲಿ ಅಲ್ಲ, ಕ್ಲಾಸಿನಲ್ಲಿ ಕೂರಿಸಿ ಮಾಡುವ ಪಾಠ’ ಅಂದಳು. ಅಲ್ಲಿ ನೀತಿಯ ಮಾತೇ ಇಲ್ಲ!

‘ಟೂ’ ಸೇರಿದ್ದರಿಂದ ‘ಉಪದೇಶ ಜಾಸ್ತಿಯಾಯ್ತು’ ಅಂತಿರಬಹುದು ಅನ್ನಿಸುತ್ತಿದೆ. ಆದರೆ ‘ಟೂ’ ಇಲ್ಲದೆ ಸುಮ್ನೆ ‘ಡಿಡ್ಯಾಕ್ಟಿಕ್ ಸ್ಟೋರಿ’ ಅಂದರೂ ಕೆಲವು ವಿಮರ್ಶೆಗಳಲ್ಲಿ ತೆಗಳಿದ ಹಾಗೇ ಕೇಳಿಸುತ್ತದೆ. ನಾನು ಸಿಕ್ಕಿಕೊಂಡಿರುವುದು ಇಲ್ಲೇ.

ಶುಕ್ರವಾರ ಕಥೆ ತಿದ್ದಿ ಕೊಡಬೇಕು. ಆ ಅಮ್ಮ ಅಂದರೆ ನನಗೆ ತುಂಬಾ ಇಷ್ಟ, ತಿದ್ದುವಾಗ ಆ ಪಾತ್ರ ಹಾಳಾಗಬಾರದು. ಬಲ್ಲವರು ದಯವಿಟ್ಟು ಹೇಳಿ: ಈ ಪದ ಬರೀ ವರ್ಣನೆ ಯಾವಾಗ, ಟೀಕೆ ಯಾವಾಗ? ಟೀಕೆಯಾದಾಗ ಕನ್ನಡದಲ್ಲಿ ‘ನೀತಿಬೋಧಕ’ ಬದಲು ಯಾವ ಪದ ಸರಿ?